ಚಿಪ್ ಓದಿ ತೆರೆದುಕೊಳ್ಳುವ ಊಟದ ಬಟ್ಟಲು: ಮೂರು ಬೆಕ್ಕುಗಳ ಮನೆಯಿಂದ ಒಂದು ವಿಮರ್ಶೆ

13 ವರ್ಷದ ಬೂದಿಯ ಮೂತ್ರಪಿಂಡಗಳು ಸೊರಗತೊಡಗಿವೆ ಎಂದು ರಕ್ತಪರೀಕ್ಷೆಯಿಂದ ತಿಳಿದ ದಿನ ಪಶುವೈದ್ಯರು ಎಲ್ಲಕ್ಕಿಂತ ಮೊದಲು ಮಾತಾಡಿದ್ದು ಅವಳ ಊಟದ ಬಗ್ಗೆ. ರಂಜಕದ ಅಂಶ ಕಡಿಮೆ ಇರುವ ಚಿಕಿತ್ಸಾ ಆಹಾರವನ್ನಷ್ಟೇ ಅವಳಿಗೆ ಕೊಡಬೇಕು, ಬೇರೆ ಯಾವುದಕ್ಕೂ ಅವಳು ಬಾಯಿ ಹಾಕದಂತೆ ನೋಡಿಕೊಳ್ಳಬೇಕು ಎಂದರು. ಒಂದೇ ಬೆಕ್ಕನ್ನು ಸಾಕಿದವರಿಗೆ ಇದೇನೂ ಕಷ್ಟವಲ್ಲ. ನಮ್ಮಲ್ಲಿ ಬೂದಿಯ ಜೊತೆಗೆ 3 ವರ್ಷದ ಕರಿಯನೂ 6 ವರ್ಷದ ಚುಕ್ಕಿಯೂ ಇದ್ದಾರೆ. ಕರಿಯ ಯಾರ ಬಟ್ಟಲಾದರೂ ಸರಿ, ನೆಕ್ಕಿ ಮುಗಿಸುವವನು. ಚುಕ್ಕಿ ಅವನ ನೆರಳು ಕಂಡರೂ ಊಟ ಬಿಟ್ಟೇಳುವವಳು. ಮೂವರನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕೂಡಿಹಾಕಿ ಊಟ ಹಾಕುವ ಕ್ರಮವನ್ನು ಎರಡು ವಾರ ನಡೆಸಿದೆವು. ಆದರೆ ಇದ್ದಷ್ಟನ್ನೂ ಒಂದೇ ಸಲಕ್ಕೆ ತಿಂದು ಮುಗಿಸುವುದು ಬೆಕ್ಕಿನ ಸ್ವಭಾವವಲ್ಲ; ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಬಂದು ಸ್ವಲ್ಪ ಸ್ವಲ್ಪವೇ ತಿನ್ನುವುದು ಅದರ ಹುಟ್ಟುಗುಣ. ಬಾಗಿಲು ತೆರೆದ ಕೂಡಲೇ ಅರ್ಧ ಉಳಿದ ಬಟ್ಟಲಿಗೆ ಕರಿಯ ನುಗ್ಗುತ್ತಿದ್ದ, ಬೂದಿ ಹಸಿದೇ ಉಳಿಯುತ್ತಿದ್ದಳು. ಕೊನೆಗೆ ಮೈಕ್ರೋಚಿಪ್ ಓದಿ ತೆರೆದುಕೊಳ್ಳುವ ಬಟ್ಟಲನ್ನು ತಂದೆವು. ಒಂದೂವರೆ ವರ್ಷ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇದರ ರಚನೆ ಸರಳವಾಗಿದೆ. ಬಟ್ಟಲಿನ ಮೇಲೆ ಹಿಂದಕ್ಕೆ ಸರಿಯುವ ಮುಚ್ಚಳ, ಅದರ ಮುಂದೆ ಬೆಕ್ಕು ತಲೆ ತೂರಿಸುವಷ್ಟು ಅಗಲದ ಕಮಾನು. ಬೆಕ್ಕಿನ ಹೆಗಲುಗಳ ನಡುವೆ ಚರ್ಮದಡಿ ಗುರುತಿಗೆಂದು ಹಾಕಿಸುವ ಚಿಪ್ ಅಕ್ಕಿಕಾಳಿಗಿಂತ ತುಸು ದೊಡ್ಡದು, ಅದರಲ್ಲಿ ಬ್ಯಾಟರಿ ಇರುವುದಿಲ್ಲ. ಕಮಾನಿನೊಳಗಿನ ತಂತಿಸುರುಳಿ ಹೊರಡಿಸುವ ರೇಡಿಯೋ ಅಲೆಯಿಂದಲೇ ಅದು ಶಕ್ತಿ ಪಡೆದು ತನ್ನ 15 ಅಂಕಿಗಳ ಸಂಖ್ಯೆಯನ್ನು ಹೊರಗೆಡಹುತ್ತದೆ. ಆ ಸಂಖ್ಯೆ ಬಟ್ಟಲಿನ ನೆನಪಿನಲ್ಲಿದ್ದರೆ ಮುಚ್ಚಳ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಈಗಿನ ಅಂತರರಾಷ್ಟ್ರೀಯ ಮಾನದಂಡದ ಚಿಪ್‌ಗಳು 134.2 ಕಿಲೋಹರ್ಟ್ಸ್ ಆವರ್ತನದವು, ಹಳೆಯ ಕೆಲವು 125 ಕಿಲೋಹರ್ಟ್ಸ್‌ನವು. ನಿಮ್ಮ ಬೆಕ್ಕಿನ ಚಿಪ್ ಯಾವುದು, ಬಟ್ಟಲು ಓದುವುದು ಯಾವುದನ್ನು ಎಂದು ಕೊಳ್ಳುವ ಮೊದಲೇ ತಾಳೆ ನೋಡಿಕೊಳ್ಳಬೇಕು. ಚಿಪ್ ಇಲ್ಲದ ಬೆಕ್ಕಿಗೆ ಕೊರಳಿಗೆ ಕಟ್ಟುವ ಬಿಲ್ಲೆಯೊಂದನ್ನು ಬಟ್ಟಲಿನ ಜೊತೆಗೇ ಕೊಡುತ್ತಾರೆ. ಅದನ್ನು ಕಟ್ಟುವ ಪಟ್ಟಿ ಮಾತ್ರ ಎಲ್ಲಾದರೂ ಸಿಕ್ಕಿಕೊಂಡು ಎಳೆದಾಗ ತಾನಾಗಿ ಬಿಚ್ಚಿಕೊಳ್ಳುವಂಥದ್ದೇ ಆಗಿರಲಿ.

ಅಭ್ಯಾಸ ಮಾಡಿಸುವುದಕ್ಕೆ ಹಂತಗಳಿವೆ. ಮೊದಲು ಮುಚ್ಚಳ ಪೂರ್ತಿ ತೆರೆದೇ ಇರುತ್ತದೆ, ಆಮೇಲೆ ಕೊಂಚ ಅಲುಗುತ್ತದೆ, ದಿನ ಕಳೆದಂತೆ ಹೆಚ್ಚು ಹೆಚ್ಚು ಚಲಿಸುತ್ತದೆ. ಇದರಲ್ಲಿ ಅವಸರ ಸಲ್ಲದು. ಎರಡು ಮೂರು ದಿನ ಹೊಟ್ಟೆಗಿಲ್ಲದೆ ಉಳಿದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯ ಬರಬಹುದು. ‘ಹಸಿವಾದರೆ ತಾನೇ ತಿನ್ನುತ್ತದೆ’ ಎಂಬ ಮಾತನ್ನು ಬೆಕ್ಕಿನ ವಿಷಯದಲ್ಲಿ ಯಾರೂ ನಂಬಬಾರದು. ಕರಿಯ ಮೂರು ದಿನದಲ್ಲಿ ಕಲಿತ, ಬೂದಿಗೆ ಹನ್ನೊಂದು ದಿನ ಬೇಕಾಯಿತು. ಅಷ್ಟೂ ದಿನ ಅವಳ ಹಳೆಯ ಬಟ್ಟಲನ್ನು ನಾನು ತೆಗೆಯಲಿಲ್ಲ.

ಇನ್ನು ನಾವು ಮಾಡಿದ ತಪ್ಪನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ಯಾರಿಗಾದರೂ ಆಗಬಹುದಾದ ತಪ್ಪು. ಕಾಯಿಲೆ ಬೂದಿಗೆ, ವಿಶೇಷ ಆಹಾರವೂ ಬೂದಿಗೆ. ಹೀಗಾಗಿ ಒಂದೇ ಬಟ್ಟಲು ತಂದು ಅದರಲ್ಲಿ ಅವಳ ಆಹಾರ ಹಾಕಿ, ಅವಳ ಚಿಪ್ಪನ್ನು ಮಾತ್ರ ಅದಕ್ಕೆ ಪರಿಚಯಿಸಿದೆವು. ಕರಿಯ ಎಷ್ಟು ಕೆರೆದರೂ ಮುಚ್ಚಳ ತೆರೆಯದ್ದನ್ನು ಕಂಡು ಸಮಾಧಾನಪಟ್ಟೆವು. ಆರು ವಾರಗಳ ನಂತರದ ರಕ್ತಪರೀಕ್ಷೆಯಲ್ಲಿ ರಂಜಕದ ಪ್ರಮಾಣ ಇಳಿದಿರಲಿಲ್ಲ. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: “ಉಳಿದೆರಡು ಬೆಕ್ಕುಗಳ ಊಟ ಎಲ್ಲಿ ಇಡುತ್ತೀರಿ?” ಅಂದು ಮಧ್ಯಾಹ್ನ ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ನೋಡಿದೆ. ಬೂದಿ ಬಂದಳು, ಕಮಾನಿನೊಳಗೆ ತಲೆಯಿಟ್ಟು ನಾಲ್ಕು ತುತ್ತು ತಿಂದಳು, ತುಟಿ ನೆಕ್ಕಿಕೊಂಡಳು, ನೇರವಾಗಿ ಕರಿಯನ ತೆರೆದ ಬಟ್ಟಲಿಗೆ ಹೋಗಿ ಅಲ್ಲಿ ನಿಧಾನವಾಗಿ ಹೊಟ್ಟೆ ತುಂಬಿಸಿಕೊಂಡಳು. ಬೂದಿಯ ಆಹಾರವನ್ನು ಕರಿಯನಿಂದ ಕಾಪಾಡುವ ಭರದಲ್ಲಿ ಕರಿಯನ ಆಹಾರದಿಂದ ಬೂದಿಯನ್ನು ಕಾಪಾಡುವುದೇ ನಮಗೆ ಮರೆತುಹೋಗಿತ್ತು.

ಆದ್ದರಿಂದ ಒಂದೇ ಬಟ್ಟಲು ಕೊಳ್ಳಲು ಸಾಧ್ಯವಿರುವವರಿಗೆ ನನ್ನ ಸಲಹೆ ಇಷ್ಟು: ಕಾಯಿಲೆಯ ಬೆಕ್ಕು ತಿನ್ನಬಾರದ ಸಾಮಾನ್ಯ ಆಹಾರವನ್ನು ಅದರಲ್ಲಿಟ್ಟು, ಆರೋಗ್ಯವಾಗಿರುವ ಬೆಕ್ಕುಗಳ ಚಿಪ್‌ಗಳನ್ನು ಅದಕ್ಕೆ ಪರಿಚಯಿಸಿ. ನಮ್ಮ ಬಟ್ಟಲು 32 ಬೆಕ್ಕುಗಳವರೆಗೆ ನೆನಪಿಟ್ಟುಕೊಳ್ಳುತ್ತದೆ, ಆದ್ದರಿಂದ ಒಂದೇ ಬಟ್ಟಲನ್ನು ಹಲವರಿಗೆ ತೆರೆಯಲು ತೊಂದರೆಯಿಲ್ಲ. ಆಗ ಚಿಕಿತ್ಸಾ ಆಹಾರ ಹೊರಗೆ ಉಳಿಯುತ್ತದೆ. ಅದಕ್ಕೆ ಉಳಿದ ಬೆಕ್ಕುಗಳು ಬಾಯಿ ಹಾಕಿದರೆ ಏನಾಗುತ್ತದೆ ಎಂದು ವೈದ್ಯರನ್ನು ಕೇಳಿಕೊಳ್ಳಬೇಕು. ಬೆಳೆಯುವ ಮರಿಗಳಿರುವ ಮನೆಯಲ್ಲಿ ಮೂತ್ರಪಿಂಡದ ಆಹಾರ ತೆರೆದಿಡುವುದು ಒಳ್ಳೆಯದಲ್ಲ. ನಾವು ಎರಡನೆಯ ಬಟ್ಟಲನ್ನು ತಂದೆವು, ಆ ಮೇಲಿನ ಪರೀಕ್ಷೆಯಲ್ಲಿ ಬೂದಿಯ ರಂಜಕದ ಪ್ರಮಾಣ ಇಳಿದಿತ್ತು.

ಬೆಕ್ಕುಗಳ ಜಗಳ ನಿಂತಿತೇ ಎಂದು ಕೇಳುವವರಿಗೆ ಅರ್ಧ ಮಾತ್ರ ಹೌದೆನ್ನಬಲ್ಲೆ. ಮೈಮೇಲೆ ಬೀಳುವುದು, ಕೂಗಾಡುವುದು, ಇಷ್ಟನ್ನೇ ಜಗಳವೆಂದು ನಾವು ತಿಳಿದಿರುತ್ತೇವೆ, ಆದರೆ ಬೆಕ್ಕುಗಳ ಹಗೆತನ ಬಹುಮಟ್ಟಿಗೆ ಸದ್ದಿಲ್ಲದ್ದು. ಹೊಸ ಬಟ್ಟಲು ಬಂದ ಎರಡನೆಯ ವಾರ ಕರಿಯ ಅದರಿಂದ ಮೂರು ಅಡಿ ದೂರದಲ್ಲಿ, ಮುಂಗಾಲುಗಳನ್ನು ಜೋಡಿಸಿ, ಬಾಲದ ತುದಿಯನ್ನು ಮಾತ್ರ ಆಡಿಸುತ್ತ ಕುಳಿತಿರುತ್ತಿದ್ದ. ಒಮ್ಮೆಯೂ ಗುರುಗುಟ್ಟಲಿಲ್ಲ, ಕಣ್ಣು ಮಿಟುಕಿಸದೆ ನೋಡುತ್ತಿದ್ದ ಅಷ್ಟೇ. ಬೂದಿಯ ಕಿವಿಗಳು ಹಿಂದಕ್ಕೆ ತಿರುಗುತ್ತಿದ್ದವು, ತುತ್ತು ಬಾಯಲ್ಲಿರುವಾಗಲೇ ಎದ್ದು ಹೋಗುತ್ತಿದ್ದಳು, ಮುಚ್ಚಳ ಮುಚ್ಚಿಕೊಳ್ಳುವ ಎರಡು ಕ್ಷಣದ ಬಿಡುವಿನಲ್ಲಿ ಕರಿಯ ತಲೆ ತೂರಿಸುತ್ತಿದ್ದ. ಮುಚ್ಚುವ ವೇಗವನ್ನು ಹೆಚ್ಚಿಸಿದ ಮೇಲೆ ಅವನಿಗೆ ಆಹಾರ ಸಿಗುವುದು ತಪ್ಪಿತು, ಹೊಂಚು ಹಾಕುವುದು ತಪ್ಪಲಿಲ್ಲ. ಬಟ್ಟಲು ಕಾಯುವುದು ಆಹಾರವನ್ನು. ಉಣ್ಣುವವಳ ಬೆನ್ನನ್ನು ಕಾಯುವ ಹೊಣೆ ನಮ್ಮದೇ.

ಅವಳ ಬೆನ್ನಿಗೆ ಆಸರೆಯಾಗಲೆಂದು ಬಟ್ಟಲನ್ನು ದೊಡ್ಡ ರಟ್ಟಿನ ಪೆಟ್ಟಿಗೆಯೊಳಗಿಟ್ಟು ನೋಡಿದೆ. ಬೂದಿ ಅದರತ್ತ ಸುಳಿಯಲೇ ಇಲ್ಲ. ಹೊರಹೋಗಲು ಒಂದೇ ದಾರಿಯಿರುವ ಜಾಗದಲ್ಲಿ ತಲೆ ತಗ್ಗಿಸಿ ತಿನ್ನುವ ಬೆಕ್ಕು ಸಿಕ್ಕಿಬೀಳುವ ಭಯದಲ್ಲೇ ತಿನ್ನುತ್ತದೆ ಎಂದು ಆಮೇಲೆ ಹೊಳೆಯಿತು. ಕೊನೆಗೆ ಕುಳ್ಳಗಿನ ಮೇಜೊಂದನ್ನು ಕೋಣೆಯ ಮೂಲೆಯಿಂದ ಹೊರಕ್ಕೆಳೆದು, ತಿನ್ನುವಾಗ ಅವಳ ಮುಖ ಬಾಗಿಲ ಕಡೆಗಿರುವಂತೆ, ಎರಡೂ ಪಕ್ಕಗಳಿಂದ ಇಳಿದು ಹೋಗಲು ದಾರಿಯಿರುವಂತೆ ಅದರ ಮೇಲೆ ಬಟ್ಟಲನ್ನು ಇಟ್ಟೆವು. ಮುದಿ ಬೆಕ್ಕಿಗೆ ಕೀಲುನೋವು ಸಾಮಾನ್ಯ, ನೆಗೆಯುವುದು ಕಷ್ಟ. ಹತ್ತಲು ಒಂದು ಮೆಟ್ಟಿಲನ್ನೂ ಜೋಡಿಸಿದೆವು. ಕರಿಯನ ಬಟ್ಟಲನ್ನು ಅವನಿಗೆ ಇವಳು ಕಾಣದ ಕೋಣೆಗೆ ಸಾಗಿಸಿದೆವು. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ದೃಷ್ಟಿಯಲ್ಲಿ ಇದು ದೊಡ್ಡ ಲೋಪ.

ಊಟದ ಜಾಗ ಶಾಂತವಾದ ಮೇಲೆ ಲಿಟರ್ ಟ್ರೇಗಳ, ಅಂದರೆ ಬೆಕ್ಕುಗಳ ಮಲಮೂತ್ರಕ್ಕೆಂದು ಇಡುವ ತಟ್ಟೆಗಳ, ತಂಟೆ ಕಣ್ಣಿಗೆ ಬಿತ್ತು. ಒಂದು ದಿನ ಕರಿಯ ಗಂಟೆಯೊಳಗೆ ಐದಾರು ಸಲ ಟ್ರೇಗೆ ಹೋಗಿ, ಮುಕ್ಕರಿದು, ಒಂದೆರಡು ಹನಿಯಷ್ಟೇ ಹೊಯ್ದ. ಗಂಡು ಬೆಕ್ಕಿನ ಮೂತ್ರನಾಳ ಬಲು ಸಪೂರ. ಅದು ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು, ಆದ್ದರಿಂದ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಿದೆವು. ಅದೃಷ್ಟಕ್ಕೆ ನಾಳ ಕಟ್ಟಿರಲಿಲ್ಲ, ಕಲ್ಲಾಗಲಿ ಸೋಂಕಾಗಲಿ ಇರಲಿಲ್ಲ. ಒತ್ತಡದಿಂದ ಕೆರಳುವ ಮೂತ್ರಕೋಶದ ಉರಿಯೂತ ಎಂದರು. ಹೊಂಚು ಹಾಕುವ ಬೆಕ್ಕೂ ಒತ್ತಡದಲ್ಲಿರುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ, ಕರಿಯನನ್ನು ತಂಟೆಕೋರನೆಂದೇ ನೋಡುತ್ತಿದ್ದೆ. ಬೆಕ್ಕುಗಳು ಎಷ್ಟಿವೆಯೋ ಅದಕ್ಕಿಂತ ಒಂದು ಹೆಚ್ಚು ಟ್ರೇ ಇರಬೇಕು, ಅವು ಬೇರೆ ಬೇರೆ ಕಡೆ ಇರಬೇಕು ಎಂಬ ನಿಯಮವನ್ನು ಅಂದಿನಿಂದ ಪಾಲಿಸುತ್ತಿದ್ದೇವೆ. ಅಕ್ಕಪಕ್ಕ ಇಟ್ಟ ಎರಡು ಟ್ರೇಗಳು ಬೆಕ್ಕಿನ ಲೆಕ್ಕದಲ್ಲಿ ಒಂದೇ ಜಾಗ. ಈ ಬಟ್ಟಲನ್ನು ಕೊಂಡವರು ಇದನ್ನೆಲ್ಲ ಅದೇ ಸರಿಪಡಿಸುತ್ತದೆಂದು ಕಾಯಬಾರದು.

ಬಟ್ಟಲಿನಿಂದ ಆದ ದೊಡ್ಡ ಉಪಕಾರವನ್ನು ನಾನು ನಿರೀಕ್ಷಿಸಿರಲಿಲ್ಲ. ಹಿಂದೆ ಮೂರು ಬಟ್ಟಲು ಖಾಲಿಯಾದರೆ ಮೂವರೂ ತಿಂದರೆಂದು ಭಾವಿಸುತ್ತಿದ್ದೆವು. ಈಗ ಬೂದಿಯ ಬಟ್ಟಲಿಗೆ ಬೆಳಿಗ್ಗೆ ತೂಗಿ ಹಾಕಿದ್ದರಲ್ಲಿ ಸಂಜೆ ಉಳಿದದ್ದನ್ನು ಕಳೆದರೆ ಅವಳು ತಿಂದದ್ದು ಎಷ್ಟೆಂದು ಸ್ಪಷ್ಟವಾಗಿ ಸಿಗುತ್ತದೆ. ಜೊತೆಗೆ ವಾರಕ್ಕೊಮ್ಮೆ ಮೈತೂಕ ನೋಡುತ್ತೇವೆ. 4 ಕಿಲೋ ತೂಗುವ ಬೆಕ್ಕು 400 ಗ್ರಾಂ ಇಳಿದರೆ ಎತ್ತಿಕೊಂಡ ಕೈಗೆ ಗೊತ್ತಾಗುವುದಿಲ್ಲ, ಆದರೆ ಅದು ಮೈತೂಕದ ಶೇಕಡಾ 10. ಕಳೆದ ವರ್ಷ ಬೂದಿಯ ಊಟ ಎರಡು ದಿನ ಅರ್ಧಕ್ಕಿಳಿದದ್ದು ಹೀಗೆಯೇ ತಿಳಿಯಿತು. ಹೋಗಿ ತೋರಿಸಿದಾಗ ಹಲ್ಲಿನ ಬುಡದಲ್ಲಿ ನೋವಿತ್ತು. ಅವಳು ನೋವನ್ನು ಯಾವ ರೀತಿಯಲ್ಲೂ ತೋರಿಸಿಕೊಂಡಿರಲಿಲ್ಲ.

ದೋಷಗಳೂ ಇವೆ. ಚರ್ಮದಡಿಯ ಚಿಪ್ ವರ್ಷಗಳು ಕಳೆದಂತೆ ಜಾರಬಹುದು. ಬೂದಿಯದು ಒಂದು ಪಕ್ಕದ ಭುಜಕ್ಕೆ ಸರಿದಿರುವುದರಿಂದ ಅವಳು ಓರೆಯಾಗಿ ಬಂದರೆ ಮುಚ್ಚಳ ತೆರೆಯುವುದಿಲ್ಲ. ಹಾಗಾಗಿ ಅವಳಿಗೂ ಬಿಲ್ಲೆಯನ್ನೇ ಕಟ್ಟಿದ್ದೇವೆ. ಬಟ್ಟಲಿನ ಹಿಂಬದಿ ತೆರೆದಿದೆ, ಅಲ್ಲಿಂದ ಎರಡನೆಯ ಬೆಕ್ಕು ಬಾಯಿ ಹಾಕದಂತೆ ತಡೆಯುವ ಹೊದಿಕೆಯನ್ನು ಬೇರೆಯಾಗಿ ಕೊಳ್ಳಬೇಕಾದದ್ದು ನನಗೆ ಸರಿಯೆನಿಸಲಿಲ್ಲ. ಒಳಗಿನ ತಟ್ಟೆ ಪ್ಲಾಸ್ಟಿಕ್ಕಿನದು. ಗೀರುಬಿದ್ದ ಪ್ಲಾಸ್ಟಿಕ್ಕಿನಲ್ಲಿ ಜಿಡ್ಡು ನಿಲ್ಲುವುದರಿಂದ ದಿನವೂ ಬಿಸಿನೀರಿನಲ್ಲಿ ತೊಳೆಯಬೇಕು. ಮುಚ್ಚಳ ಬಿಗಿಯಾಗಿ ಕೂರುವುದರಿಂದ ತೇವವಿರುವ ಆಹಾರ ಬೇಗ ಒಣಗುವುದಿಲ್ಲ, ಆದರೂ ಅದು ತಂಗಳಪೆಟ್ಟಿಗೆಯಲ್ಲ. ನಾಲ್ಕು ಗಂಟೆ ಕಳೆದದ್ದನ್ನು ನಾನು ತೆಗೆದುಬಿಡುತ್ತೇನೆ. ನಾಲ್ಕು ಸೆಲ್‌ಗಳು ಸುಮಾರು ಆರು ತಿಂಗಳು ಬರುತ್ತವೆ. ಮುಗಿಯುವ ಮುನ್ನ ಕೆಂಪು ದೀಪ ಮಿನುಗುತ್ತದೆ, ಆದರೆ ಅದು ಸಾಸಿವೆಕಾಳಿನಷ್ಟು ಚಿಕ್ಕದು. ಒಮ್ಮೆ ಅದನ್ನು ಗಮನಿಸದೆ ಹೋಗಿ ಮುಚ್ಚಳ ಮುಚ್ಚಿದಲ್ಲೇ ನಿಂತಿತು, ನಾವು ಮನೆಗೆ ಬರುವವರೆಗೆ ಬೂದಿ ಉಪವಾಸವಿದ್ದಳು. ಈಗ ಸೆಲ್ ಬದಲಿಸುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತೇನೆ.

ಒಂದು ಬೆಕ್ಕಿಗೆ ಪಥ್ಯವಿರುವ, ಇನ್ನೊಂದಕ್ಕೆ ಮೈತೂಕ ಇಳಿಸಬೇಕಾದ ಮನೆಗಳಿಗೆ ಈ ಬಟ್ಟಲನ್ನು ಕೊಳ್ಳಿರೆಂದು ಹಿಂಜರಿಯದೆ ಹೇಳುತ್ತೇನೆ. ರಕ್ತ ಬರುವಂತೆ ಕಾದಾಡುವ ಬೆಕ್ಕುಗಳಿದ್ದರೆ ಮೊದಲು ಅವನ್ನು ಬೇರೆ ಬೇರೆ ಇರಿಸಿ ವೈದ್ಯರಿಗೆ ತೋರಿಸಬೇಕು, ಬಟ್ಟಲಿನ ವಿಚಾರ ಆಮೇಲೆ. ಚುಕ್ಕಿಗೆಂದು ತಂದ ಮೂರನೆಯ ಬಟ್ಟಲು ಇಂದಿಗೂ ಅಭ್ಯಾಸದ ಮೊದಲ ಹಂತದಲ್ಲೇ ಇದೆ. ಮೋಟಾರಿನ ಸಣ್ಣ ಸದ್ದಿಗೂ ಅವಳು ಬೆಚ್ಚುವುದರಿಂದ ಮುಚ್ಚಳವನ್ನು ಪೂರ್ತಿ ತೆರೆದು, ಕರಿಯನ ಓಡಾಟವಿಲ್ಲದ ಕೋಣೆಯಲ್ಲಿ ಇಟ್ಟಿದ್ದೇವೆ. ಅವಳು ಅಲ್ಲಿ ಕೊನೆಯ ತುತ್ತಿನವರೆಗೂ ಕುಳಿತು ತಿನ್ನುತ್ತಾಳೆ.