ವಿದ್ಯಾನಗರದಿಂದ ಮಂಡಿಪೇಟೆಗೆ ಕಾರು ಬೇಡ: ಸೈಕಲ್ಲೋ, ಬಸ್ಸೋ, ಆಟೊನೋ?

ದಾವಣಗೆರೆಯೊಳಗೆ ದಿನದ ಓಡಾಟಕ್ಕೆ ಕಾರು ಬೇಕಾಗಿಲ್ಲ. ಬೇಸಿಗೆಯಲ್ಲೂ ಮಳೆಗಾಲದಲ್ಲೂ ಸೈಕಲ್, ಬಸ್, ಆಟೊ ಮೂರರಲ್ಲೂ ಓಡಾಡಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನನಗೆ ಜಾಸ್ತಿ ಹಿಡಿಸಿದ್ದು ಸೈಕಲ್. ನಮ್ಮೂರು ಹೆಚ್ಚುಕಡಿಮೆ ಸಮತಟ್ಟು. ಗೇರ್ ಬೇಕಿಲ್ಲ, ಹಿಂದೆ ಗಟ್ಟಿ ಕ್ಯಾರಿಯರ್ ಇದ್ದರೆ ಸಾಕು. ಆರಾಮಾಗಿ ತುಳಿದರೂ ಗಂಟೆಗೆ 12 ಕಿ.ಮೀ. ಸಾಗಬಹುದು. ಕಾರು ಇದಕ್ಕಿಂತ ಬೇಗ ಹೋಗುತ್ತದೆ, ನಿಜ. ಆದರೆ ಮಂಡಿಪೇಟೆಯಲ್ಲಿ ಲಾರಿ, ತಳ್ಳುಗಾಡಿ, ಮೂಟೆ ಹೊತ್ತ ಹಮಾಲರ ನಡುವೆ ಅದನ್ನು ಎಲ್ಲಿ ನಿಲ್ಲಿಸುತ್ತೀರಿ? ಉಳಿಸಿದ ಹೊತ್ತೆಲ್ಲ ಅಲ್ಲೇ ಹೋಗುತ್ತದೆ. ಸೈಕಲ್ಲಾದರೆ ಅಂಗಡಿ ಮುಂದೆಯೇ ನಿಲ್ಲಿಸಿ, ಅಕ್ಕಿ ಬೇಳೆ ಕಟ್ಟಿಕೊಂಡು ಬರಬಹುದು.

ಸೈಕಲ್ಲಿಗೆ ಎರಡು ತೊಂದರೆ. ಏಪ್ರಿಲ್, ಮೇ ಮಧ್ಯಾಹ್ನ ಬಿಸಿಲು 40 ಡಿಗ್ರಿ ಹತ್ತಿರ ಹೋದಾಗ ತುಳಿಯುವುದು ಬೇಡ. ಬೆಳಿಗ್ಗೆ, ಸಂಜೆ ಸಾಕು. ಇನ್ನೊಂದು ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ ದಾಟುವುದು. ಅಲ್ಲಿ ಬಸ್ಸು, ಟಿಪ್ಪರ್ ಮೈಮೇಲೆ ಬಂದಂತೆ ಬರುತ್ತವೆ. ಗಾಂಧಿ ಸರ್ಕಲ್ ಹತ್ತಿರ ನಾನು ಇಳಿದು ತಳ್ಳಿಕೊಂಡೇ ದಾಟುತ್ತೇನೆ. ಸ್ಮಾರ್ಟ್ ಸಿಟಿ ಅನಿಸಿಕೊಂಡ ಊರಿನಲ್ಲಿ ಮಕ್ಕಳು ಧೈರ್ಯವಾಗಿ ಸೈಕಲ್ ತುಳಿಯುವಂತಿರಬೇಕು, ಅಲ್ವಾ?

ಊರೊಳಗೆ ಬಸ್ಸಿಗೆ ಎರಡನೇ ಸ್ಥಾನ. ಹತ್ತಿರದ ದಾರಿಗೆ ಕಾಯುವ ಹೊತ್ತೇ ಜಾಸ್ತಿ. ಆದರೆ ಹರಿಹರಕ್ಕೆ ಬಸ್ಸೇ ಗೆಲ್ಲುತ್ತದೆ. ಹದಿನಾಲ್ಕು ಕಿ.ಮೀ. ದಾರಿ, ಬಸ್ಸು ಬಿಡುವಿಲ್ಲದೆ ಸಿಗುತ್ತವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನನ್ನ ಹೆಂಡತಿಗೆ ಟಿಕೆಟ್ ದುಡ್ಡಿಲ್ಲ, ನನ್ನದೊಂದೇ ಖರ್ಚು. ಖಾಸಗಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ, ಹತ್ತುವ ಮೊದಲು ನೋಡಿಕೊಳ್ಳಿ. ಚಿತ್ರದುರ್ಗಕ್ಕೂ ನಾನು ಬಸ್ಸನ್ನೇ ಹಿಡಿಯುತ್ತೇನೆ. ರೈಲಿನ ದಾರಿ ಚಿಕ್ಕಜಾಜೂರು ಸುತ್ತಿ ಹೋಗುತ್ತದೆ, ಬಸ್ಸು ಹೆದ್ದಾರಿಯಲ್ಲಿ ನೇರ.

ಆಟೊ ದಿನಕ್ಕಲ್ಲ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು, ಜೋರು ಮಳೆಗೆ, ತಡರಾತ್ರಿಗೆ ಒಳ್ಳೆಯದು. ಬಾಡಿಗೆ ಮೊದಲೇ ಮಾತಾಡಿಕೊಂಡು ಹತ್ತಿ. ಹೀಗೆ ಆಗೊಮ್ಮೆ ಈಗೊಮ್ಮೆ ಆಟೊಗೆ ಕೊಟ್ಟರೂ ಕಾರಿನ ಇನ್ಶೂರೆನ್ಸ್, ಸರ್ವಿಸ್, ಪೆಟ್ರೋಲ್ ಖರ್ಚಿಗಿಂತ ನಮಗೆ ಕಡಿಮೆಯೇ ಬೀಳುತ್ತಿದೆ.

ನಾಳೆಯಿಂದಲೇ ಶುರು ಮಾಡುವುದಾದರೆ ಹಾಲು, ತರಕಾರಿ ತರಲು ಸೈಕಲ್ ತೆಗೆಯಿರಿ. ಮುಂದೆ ಹಿಂದೆ ಲೈಟ್ ಹಾಕಿಸಿ. ಕಾಲಿಗೆ ರೂಢಿಯಾದ ಮೇಲೆ ಕೆಲಸಕ್ಕೂ ಅದರಲ್ಲೇ ಹೊರಡಿ.