ವಯಸ್ಸಾದ ಗ್ರೇಹೌಂಡ್‌ಗೆ ಎರಡು ಪದರದ ಫೋಮ್ ಹಾಸಿಗೆ: ಮಲಗುವುದಕ್ಕಿಂತ ಏಳುವುದು ಮುಖ್ಯ

ಸಾಕುನಾಯಿಗಳ ಹಾಸಿಗೆ ಮಾರುವವರು ಅದು ಎಷ್ಟು ಮೆತ್ತಗಿದೆ ಎಂಬುದನ್ನೇ ಮುಂದಿಟ್ಟು ಮಾರುತ್ತಾರೆ. ಕೊಳ್ಳುವ ನಾವೂ ಅಂಗೈಯಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಒಪ್ಪಿಬಿಡುತ್ತೇವೆ. ಹನ್ನೊಂದು ವರ್ಷ ದಾಟಿದ ಗ್ರೇಹೌಂಡ್ ಮನೆಯಲ್ಲಿದ್ದಾಗ ಈ ಅಳತೆಗೋಲು ಸಾಲದು. ಬೆಳಗಿನ ಚಳಿಯಲ್ಲಿ, ಯಾರೂ ಕೈ ಹಚ್ಚದೆ, ನಾಯಿ ಆ ಹಾಸಿಗೆಯಿಂದ ತಾನಾಗಿ ಎದ್ದು ನಿಲ್ಲಬಲ್ಲದೇ ಎಂಬುದನ್ನು ಮೊದಲು ನೋಡಬೇಕು. ಮೆಲ್ಬರ್ನ್‌ನ ನಮ್ಮ ಮನೆಯಲ್ಲಿ ಒಂದು ಬೇಸಿಗೆಯನ್ನೂ ಒಂದು ಚಳಿಗಾಲವನ್ನೂ ಕಂಡಿರುವ ಎರಡು ಪದರದ ಫೋಮ್ ಹಾಸಿಗೆಯೊಂದರ ಬಗ್ಗೆ ಈ ದೃಷ್ಟಿಯಿಂದ ಬರೆಯುತ್ತಿದ್ದೇನೆ.

ನಮ್ಮ ಚುಕ್ಕಿ ವಿಕ್ಟೋರಿಯಾದ ರೇಸ್ ಅಂಗಳಗಳಲ್ಲಿ ಓಡಿ, ನಿವೃತ್ತಿಯ ನಂತರ ಗ್ರೇಹೌಂಡ್ ಅಡಾಪ್ಷನ್ ಪ್ರೋಗ್ರಾಮ್ ಮೂಲಕ ನಮ್ಮ ಮನೆಗೆ ಬಂದವಳು; ಕಿವಿಯ ಒಳಬದಿಯಲ್ಲಿ ಆ ದಿನಗಳ ಹಚ್ಚೆಯ ಗುರುತು ಈಗಲೂ ಇದೆ. ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗ ಮುಟ್ಟಬಲ್ಲ ಈ ತಳಿಯ ನಾಯಿಗಳು ಓಟವನ್ನು ಬಿಟ್ಟ ಮೇಲೆ ದಿನದ ಬಹುಪಾಲನ್ನು ಮಲಗಿಯೇ ಕಳೆಯುತ್ತವೆ. ಅವುಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆ, ಚರ್ಮ ತೆಳು, ರೋಮ ಗಿಡ್ಡ. ಮೊಣಕೈ, ಸೊಂಟ, ಭುಜದ ಎಲುಬುಗಳಿಗೂ ನೆಲಕ್ಕೂ ನಡುವೆ ಹೇಳಿಕೊಳ್ಳುವಂಥ ಮೆತ್ತೆಯೇ ಇರುವುದಿಲ್ಲ. ವಯಸ್ಸಾಗುತ್ತ ತೊಡೆಯ ಸ್ನಾಯುಗಳು ಕರಗಿದಾಗ ಎಲುಬು ಇನ್ನಷ್ಟು ಮೇಲೆದ್ದು, ಗಟ್ಟಿ ನೆಲದ ಮೇಲೆ ಮಲಗಿದ ನಾಯಿಯ ಮೊಣಕೈಯಲ್ಲಿ ಚರ್ಮ ದಪ್ಪಗಟ್ಟುವುದು, ನೀರು ತುಂಬಿದ ಗುಳ್ಳೆ ಏಳುವುದು, ಹುಣ್ಣಾಗುವುದು ಅಪರೂಪವಲ್ಲ. ಆದ್ದರಿಂದ ಈ ತಳಿಗೆ ಹಾಸಿಗೆ ಬೇಕೇ ಬೇಕು.

ಆದರೆ ಇನ್ನೊಂದು ಸಂಗತಿಯನ್ನು ಮಾರಾಟಗಾರರು ಹೇಳುವುದಿಲ್ಲ. ಬಹುತೇಕ ಗ್ರೇಹೌಂಡ್‌ಗಳು ಬೇರೆ ನಾಯಿಗಳಂತೆ ಹಿಂಗಾಲನ್ನು ಮಡಿಸಿ ಕೂರುವುದು ಕಡಿಮೆ. ನಿಂತಿರುತ್ತವೆ, ಇಲ್ಲವೇ ಮಲಗಿರುತ್ತವೆ. ಹೀಗಾಗಿ ಮಲಗಿದಲ್ಲಿಂದ ನಿಲ್ಲುವವರೆಗಿನ ದೂರವನ್ನು ಒಂದೇ ಪ್ರಯತ್ನದಲ್ಲಿ ದಾಟಬೇಕಾಗುತ್ತದೆ. ಮುಂಗಾಲನ್ನು ಚಾಚಿ, ಪಾದವನ್ನು ಊರಿ, ಆ ಆಧಾರದ ಮೇಲೆ ಹಿಂಭಾಗವನ್ನು ಮೇಲಕ್ಕೆತ್ತುವಾಗ ಪಾದದ ಕೆಳಗಿನ ಹಾಸು ಕುಸಿದರೆ ಆ ಬಲವೆಲ್ಲ ವ್ಯರ್ಥ. ಇದಕ್ಕೆ ಮೊದಲು ನಾವು ಬೇರೊಂದು ಮಳಿಗೆಯಿಂದ ತಂದಿದ್ದ ಹಾಸಿಗೆ ಪೂರ್ತಿ ಮೆಮೊರಿ ಫೋಮಿನದು, ಅಂದರೆ ಮೈಯ ಆಕಾರಕ್ಕೆ ತಗ್ಗಿ ನಿಧಾನವಾಗಿ ಮೇಲೇಳುವ ಫೋಮಿನದು. ಚುಕ್ಕಿ ಅದರಲ್ಲಿ ಹೂತುಹೋದಂತೆ ಮಲಗುತ್ತಿದ್ದಳು. ನೋಡಲು ಸುಖವೆನಿಸುತ್ತಿತ್ತು, ಏಳುವಾಗ ಮಾತ್ರ ಹಿಂಗಾಲು ಅರ್ಧಕ್ಕೇ ಸೋತು ಮತ್ತೆ ಮಲಗಿಬಿಡುತ್ತಿದ್ದಳು. ಮೆಮೊರಿ ಫೋಮಿನ ಮೃದುತ್ವ ಉಷ್ಣಾಂಶವನ್ನು ಅವಲಂಬಿಸಿದೆ ಎಂಬುದನ್ನೂ ಗಮನಿಸಬೇಕು. ಮೈಯ ಬಿಸಿ ತಾಗಿದ ಕಡೆ ಅದು ಸಡಿಲವಾಗುತ್ತದೆ, ತಣ್ಣಗಿರುವ ಕಡೆ ಬಿಗಿಯುತ್ತದೆ. ಮೆಲ್ಬರ್ನ್‌ನ ಜುಲೈ ತಿಂಗಳಿನಲ್ಲಿ ಬೆಳಗಿನ ಉಷ್ಣಾಂಶ ಆರೇಳು ಡಿಗ್ರಿಗೆ ಇಳಿಯುವಾಗ ಇಂಥ ಹಾಸಿಗೆಯಲ್ಲಿ ನಾಯಿಯ ಸುತ್ತ ಒಂದು ತಗ್ಗೇ ನಿರ್ಮಾಣವಾಗುತ್ತದೆ, ಮತ್ತು ಮುದಿ ನಾಯಿಗೆ ಆ ತಗ್ಗಿನ ಅಂಚನ್ನು ಹತ್ತುವುದೇ ದೊಡ್ಡ ಕೆಲಸ.

ಈಗಿನ ಹಾಸಿಗೆಯ ಕೆಳಪದರ ಹತ್ತು ಸೆಂಟಿಮೀಟರ್ ದಪ್ಪದ ಗಟ್ಟಿ ಫೋಮ್, ಮೇಲ್ಪದರ ಐದು ಸೆಂಟಿಮೀಟರ್ ಮೆಮೊರಿ ಫೋಮ್. ಎಲುಬು ಒತ್ತುವ ಕಡೆ ಮೇಲ್ಪದರ ಬೇಕಾದಷ್ಟೇ ಒಳಸರಿಯುತ್ತದೆ, ಅದರ ಕೆಳಗಿನದು ಬಾಗದೆ ನಿಲ್ಲುತ್ತದೆ. ನಾನು ಇದರ ಮೇಲೆ ಮೊಣಕಾಲೂರಿ ಕುಳಿತಾಗಲೂ ನೆಲ ತಾಗಲಿಲ್ಲ. ಅಂಗಡಿಗೆ ಹೋಗಿ ಕೊಳ್ಳುವವರು ಅಂಗೈಯಿಂದ ಒತ್ತುವ ಬದಲು ಹೀಗೆ ಮೊಣಕಾಲೂರಿಯೇ ನೋಡಬೇಕೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಮೂವತ್ತು ಕಿಲೋ ತೂಗುವ ನಾಯಿ ಏಳುವಾಗ ತನ್ನ ಭಾರದ ಹೆಚ್ಚಿನ ಪಾಲನ್ನು ಒಂದೆರಡು ಪುಟ್ಟ ಪಾದಗಳ ಮೇಲೆಯೇ ಹೇರುತ್ತದೆ. ಚುಕ್ಕಿ ಇದರಿಂದ ಈಗ ಒಂದೇ ಸಲಕ್ಕೆ ಏಳುತ್ತಾಳೆ. ತೀರಾ ಚಳಿಯ ಬೆಳಗುಗಳಲ್ಲಿ ಮಾತ್ರ ಎರಡನೆಯ ಪ್ರಯತ್ನ ಬೇಕಾಗುತ್ತದೆ. ಇದೊಂದು ಗುಣಕ್ಕಾಗಿಯೇ ನಾನು ಈ ಹಾಸಿಗೆಗೆ ಕೊಟ್ಟ ಸುಮಾರು 260 ಡಾಲರ್ ಸಾರ್ಥಕವೆನ್ನುತ್ತೇನೆ. ‘ಆರ್ಥೊಪೆಡಿಕ್’ (ಎಲುಬು, ಕೀಲುಗಳಿಗೆ ಹಿತವಾದದ್ದು) ಎಂಬ ಹಣೆಪಟ್ಟಿಯಡಿ ಫೋಮಿನ ಚೂರುಗಳನ್ನು ತುಂಬಿದ ಹಾಸಿಗೆಗಳೂ ಮಾರಾಟವಾಗುತ್ತವೆ. ಚೂರುಗಳು ಬದಿಗೆ ಸರಿದು ನಡುಭಾಗ ಬರಿದಾಗುವುದರಿಂದ ಅವು ಮುದಿ ನಾಯಿಗೆ ತಕ್ಕುವಲ್ಲ.

ನಮ್ಮ ಹಾಸಿಗೆಯ ಮೂರು ಬದಿಗೆ ದಿಂಬಿನಂತಹ ಅಂಚು, ನಾಲ್ಕನೆಯ ಬದಿ ತೆರೆದಿದೆ. ಉದ್ದ ಕುತ್ತಿಗೆಯ ಈ ನಾಯಿಗಳು ಅಂಚಿನ ಮೇಲೆ ಗದ್ದವಿಟ್ಟು ಮಲಗುವುದನ್ನು ಬಹಳ ಇಷ್ಟಪಡುತ್ತವೆ, ಆದ್ದರಿಂದ ಅಂಚು ಇರುವುದು ಒಳ್ಳೆಯದು. ತೆರೆದ ಬದಿ ನಡೆದಾಡುವ ದಾರಿಯ ಕಡೆಗಿರಬೇಕು. ಗೋಡೆಯ ಮೂಲೆಯಲ್ಲಿಟ್ಟರೆ ಇನ್ನೂ ಒಳ್ಳೆಯದು. ಎಷ್ಟೋ ಗ್ರೇಹೌಂಡ್‌ಗಳು ಕಣ್ಣು ತೆರೆದೇ ನಿದ್ರಿಸುತ್ತವೆ, ಮತ್ತು ಗಾಢ ನಿದ್ದೆಯಲ್ಲಿ ಯಾರಾದರೂ ಮುಟ್ಟಿದರೆ ಬೆಚ್ಚಿ ಗುರುಗುಟ್ಟುವ ಸ್ವಭಾವ ಕೆಲವಕ್ಕೆ ಇರುತ್ತದೆ. ವಯಸ್ಸಾಗಿ ಕಿವಿ ಮಂದವಾದ ಮೇಲೆ ಇದು ಹೆಚ್ಚಬಹುದು. ಮಕ್ಕಳು ಓಡಾಡುವ ಮನೆಯಲ್ಲಿ ಹಾಸಿಗೆಯ ಜಾಗವನ್ನು ಆಯ್ಕೆ ಮಾಡುವಾಗ ಇದನ್ನು ಮರೆಯಬಾರದು, ದೂರದಿಂದಲೇ ಹೆಸರು ಹಿಡಿದು ಕರೆದು ಎಬ್ಬಿಸುವುದನ್ನು ಮಕ್ಕಳಿಗೂ ರೂಢಿ ಮಾಡಿಸಬೇಕು.

ಅಳತೆಯ ವಿಷಯದಲ್ಲಿ ಮಾತ್ರ ತಯಾರಕರಿಗೆ ಈ ತಳಿಯ ಪರಿಚಯವೇ ಇದ್ದಂತಿಲ್ಲ. 120 ಸೆಂಟಿಮೀಟರ್ ಉದ್ದ, 85 ಅಗಲದ ಇದನ್ನು ‘ಅತಿ ದೊಡ್ಡ ನಾಯಿಗಳಿಗೆ’ ಎಂದು ಮಾರುತ್ತಾರೆ. ಲ್ಯಾಬ್ರಡಾರ್ ಸುತ್ತಿಕೊಂಡು ಮಲಗಿದರೆ ಇದು ಸಾಕು. ಗ್ರೇಹೌಂಡ್ ಒಂದು ಮಗ್ಗುಲಾಗಿ ನಾಲ್ಕೂ ಕಾಲುಗಳನ್ನು ಚಾಚಿದರೆ, ಅಥವಾ ಬೆನ್ನ ಮೇಲೆ ಹೊರಳಿ ಕಾಲುಗಳನ್ನು ಗಾಳಿಯಲ್ಲಿ ಚೆಲ್ಲಿದರೆ, ಪಾದಗಳೆಲ್ಲ ಹಾಸಿಗೆಯ ಹೊರಗೆ. ಕೆಳಗಿನ ಬಟ್ಟೆಗೆ ಅಂಟಿಸಿರುವ ರಬ್ಬರ್ ಚುಕ್ಕೆಗಳೂ ಮರದ ನೆಲಹಾಸಿನ ಮೇಲೆ ಜಾರುತ್ತವೆ. ಏಳುವ ಹೊತ್ತಿನಲ್ಲಿ ಹಾಸಿಗೆಯೇ ಹಿಂದಕ್ಕೆ ಸರಿದರೆ ಗಟ್ಟಿ ಫೋಮಿನಿಂದ ಬಂದ ಲಾಭ ಅಲ್ಲಿಗೆ ಹೋಯಿತು. ನಾವು ಕೆಳಗೆ ಯೋಗದ ಮ್ಯಾಟ್ ಹಾಸಿ, ಹಾಸಿಗೆಯಿಂದ ನೀರಿನ ಬಟ್ಟಲಿನವರೆಗೆ ಮತ್ತು ಹಿತ್ತಿಲ ಬಾಗಿಲವರೆಗೆ ರಬ್ಬರ್ ತಳದ ಉದ್ದ ಚಾಪೆಗಳನ್ನು ಹಾಕಿದ್ದೇವೆ. ಜಾರುವ ನೆಲದಲ್ಲಿ ಎಂಥ ಹಾಸಿಗೆ ತಂದರೂ ಅರ್ಧ ಕೆಲಸವಷ್ಟೇ ಆಗುತ್ತದೆ.

ಹೊದಿಕೆಯನ್ನು ಬಿಚ್ಚಿ ಯಂತ್ರದಲ್ಲಿ ಒಗೆಯಬಹುದು, ಒಳಗೆ ನೀರು ಇಳಿಯದ ಪದರವಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಹೆಣ್ಣು ನಾಯಿಗಳಲ್ಲಿ ವಯಸ್ಸಾದಂತೆ ನಿದ್ದೆಯಲ್ಲಿ ಮೂತ್ರ ಸೋರುವುದು ಸಾಮಾನ್ಯವಾದ್ದರಿಂದ ಈ ಪದರವಿಲ್ಲದ ಹಾಸಿಗೆಯನ್ನು ಕೊಳ್ಳಲೇಬಾರದು. ಅಂಥ ಸೋರಿಕೆಗೆ ಔಷಧಿಯೂ ಇದೆ, ವೈದ್ಯರನ್ನು ಕೇಳಬೇಕು. ಆದರೆ ಹೆಚ್ಚುವರಿ ಹೊದಿಕೆಯೊಂದನ್ನು ಬೇರೆಯಾಗಿ ಕಳಿಸಿರೆಂದು ಮಾರಾಟಗಾರರಿಗೆ ಬರೆದರೆ ವಾರಗಟ್ಟಲೆ ಉತ್ತರವಿಲ್ಲ. ಒಗೆದದ್ದು ಒಣಗುವವರೆಗೆ ಹಳೆಯ ಬೆಡ್‌ಶೀಟ್ ಸುತ್ತಿ ಸಂಭಾಳಿಸುತ್ತಿದ್ದೇವೆ. ಬೇಸಿಗೆಯಲ್ಲಿ ಉಷ್ಣಾಂಶ ನಲವತ್ತರ ಹತ್ತಿರ ಹೋದ ದಿನಗಳಲ್ಲಿ ಫೋಮ್ ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಚುಕ್ಕಿ ಹಾಸಿಗೆಯನ್ನು ಬಿಟ್ಟು ಟೈಲ್ಸ್ ಮೇಲೆ ಹೋಗಿ ಮಲಗುತ್ತಾಳೆ. ಅಲ್ಲೊಂದು ತೆಳು ಹತ್ತಿಯ ಹಾಸನ್ನು ಹಾಕಿಟ್ಟರೆ ಮೊಣಕೈ ಉಳಿಯುತ್ತದೆ.

ಹಾಸಿಗೆಯಿಂದ ಆಗದ ಕೆಲಸವನ್ನೂ ಹೇಳಬೇಕು. ಏಳಲು ಕಷ್ಟಪಡುವ ಮುದಿ ಗ್ರೇಹೌಂಡ್‌ಗೆ ಕೀಲುವಾತವೇ ಇರಬೇಕೆಂದಿಲ್ಲ. ಸೊಂಟದ ಕೊನೆಯಲ್ಲಿ ನರ ಒತ್ತಿಹೋಗಿರಬಹುದು, ಪಾದದ ಮೆತ್ತೆಯಲ್ಲಿ ಆಣಿ ಬೆಳೆದಿರಬಹುದು. ಈ ತಳಿಯಲ್ಲಿ ಎಲುಬಿನ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ, ಕುಂಟುವುದು ಶುರುವಾಗಿ ಕಡಿಮೆಯಾಗದಿದ್ದರೆ ಎಕ್ಸ್‌ರೇ ತೆಗೆಸುವುದನ್ನು ಮುಂದೂಡಬಾರದು. ನಾವು ನುಂಗುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಮಾತ್ರೆಗಳನ್ನು ಮನೆಯಲ್ಲೇ ಕೊಡುವುದು ಅಪಾಯ. ರಕ್ತಪರೀಕ್ಷೆ ಮಾಡಿಸಿದಾಗಲೂ ವೈದ್ಯರಿಗೆ ತಳಿಯ ಹೆಸರನ್ನು ನೆನಪಿಸಬೇಕು: ಆರೋಗ್ಯವಂತ ಗ್ರೇಹೌಂಡ್‌ನಲ್ಲೂ ಕೆಂಪು ರಕ್ತಕಣಗಳ ಪ್ರಮಾಣ ಇತರ ನಾಯಿಗಳಿಗಿಂತ ಹೆಚ್ಚು, ಥೈರಾಯ್ಡ್ ಅಂಶ ಕಡಿಮೆ, ಮೂತ್ರಪಿಂಡದ ಆರೋಗ್ಯ ತಿಳಿಯಲು ಅಳೆಯುವ ಕ್ರಿಯಾಟಿನಿನ್ ತುಸು ಮೇಲೆ ಇರುತ್ತದೆ. ಇದನ್ನರಿಯದೆ ಇಲ್ಲದ ಕಾಯಿಲೆಗೆ ಮದ್ದು ಶುರುವಾಗಬಾರದು.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯೂ ಇದೇ ಬಗೆಯ ಮೈಕಟ್ಟಿನದು. ತೆಳು ಚರ್ಮ, ಎದ್ದುಕಾಣುವ ಎಲುಬು, ಉದ್ದ ಕಾಲು. ಊರಿನಲ್ಲಿ ಮುದಿ ಮುಧೋಳವನ್ನು ಸಾಕುತ್ತಿರುವವರು ಇಂಥ ದುಬಾರಿ ಹಾಸಿಗೆಯನ್ನು ಆನ್‌ಲೈನ್‌ನಲ್ಲಿ ತರಿಸುವ ಅಗತ್ಯವಿಲ್ಲ. ಹಾಸಿಗೆ, ಸೋಫಾ ಮಾಡುವ ಅಂಗಡಿಗಳಲ್ಲಿ ಫೋಮನ್ನು ಅಳತೆಗೆ ಕತ್ತರಿಸಿ ಕೊಡುತ್ತಾರೆ. ಕೆಳಗೆ ನಾಲ್ಕು ಇಂಚಿನ 40 ಡೆನ್ಸಿಟಿ (ಸಾಂದ್ರತೆ) ಫೋಮ್ ಅಥವಾ ಚೂರುಗಳನ್ನು ಒತ್ತಿ ಗಟ್ಟಿಯಾಗಿ ಅಂಟಿಸಿದ ರೀಬಾಂಡೆಡ್ ಫೋಮ್, ಮೇಲೆ ಎರಡು ಇಂಚು ಮೆಮೊರಿ ಫೋಮ್ ಇಟ್ಟು, ರೆಕ್ಸಿನ್ ಒಳಹೊದಿಕೆಯ ಮೇಲೆ ದಪ್ಪ ಹತ್ತಿ ಬಟ್ಟೆಯ ಎರಡು ಜೊತೆ ಹೊರಹೊದಿಕೆಗಳನ್ನು ಹೊಲಿಸಿಕೊಂಡರೆ ಇದೇ ಅನುಕೂಲ ಸಿಗುತ್ತದೆ, ಐದು ಅಡಿ ಉದ್ದ ಬೇಕೆಂದರೂ ಸಿಗುತ್ತದೆ. ಜಿಪ್ಪನ್ನು ನಾಯಿ ಮಲಗುವ ಬದಿಗೆ ಬಾರದಂತೆ ಕೆಳಭಾಗದಲ್ಲಿ ಇಡಲು ಹೇಳಬೇಕು, ಏಕೆಂದರೆ ಇವುಗಳ ಚರ್ಮ ಸುಲಭವಾಗಿ ಹರಿಯುತ್ತದೆ.

ಐದು ಅಂಕಗಳಲ್ಲಿ ನಾನು ಈ ಹಾಸಿಗೆಗೆ ಮೂರೂವರೆ ಕೊಡುತ್ತೇನೆ. ಫೋಮಿಗೆ ಪೂರ್ತಿ ಅಂಕ. ಕಳೆದದ್ದು ಅಳತೆ, ಜಾರುವ ತಳ ಮತ್ತು ಮಾರಾಟಗಾರರ ಮೌನಕ್ಕೆ. ಫೋಮ್ ಇನ್ನೂ ಎಲ್ಲಿಯೂ ಕುಸಿದಿಲ್ಲ. ಮುಂದಿನ ಚಳಿಗಾಲಕ್ಕೆ ಮೊದಲು ಇದೇ ದಪ್ಪದ ಇನ್ನೊಂದು ತುಂಡನ್ನು ಕಾಲಿನ ಬದಿಗೆ ಜೋಡಿಸಿ ಒಂದೇ ಹೊದಿಕೆಯೊಳಗೆ ಹೊಲಿಸುವ ಯೋಚನೆಯಿದೆ.