ಕಾಫಿ ದುಡ್ಡಲ್ಲಿ ಗೇಮಿಂಗ್ ಪಿಸಿ ಮಾಡಿಸೋರೇ, ಮೊದಲು ಎಸ್‌ಎಂಪಿಎಸ್ ಲೇಬಲ್ ಓದಿ

ಕಾಫಿ ಕುಯ್ಲು ಮುಗೀತಿದ್ದಂಗೆ ನಮ್ಮ ಸುತ್ತಮುತ್ತಲೇ ಮೂರು ಮನೇಲಿ ಹುಡುಗ್ರು ಗೇಮಿಂಗ್ ಪಿಸಿ ಬೇಕು ಅಂತ ಹಠ ಹಿಡಿದು ಕೂತಿದಾರೆ, ಅದ್ರಲ್ಲಿ ಒಬ್ಬ ನಿನ್ನೆ ಸಂಜೆ ಒಂದು ಕೊಟೇಶನ್ ತಂದು ತೋರಿಸ್ದ. ನೋಡಿದ್ರೆ 2023ರಲ್ಲಿ ಮೈಸೂರಿನ ಅಂಗಡಿಯವರು ನಮಗೆ ಕೊಟ್ಟಿದ್ದ ಕೊಟೇಶನ್ನೇ ನಂಬರ್ ಬದ್ಲಾಯ್ಸಿ ಕೊಟ್ಟಂಗಿತ್ತು. ಮೇಲೆ ಐ7 ಪ್ರೊಸೆಸರ್, ಅಂದ್ರೆ ಕಂಪ್ಯೂಟರಿನ ಮೆದುಳು, ಕೊನೇ ಸಾಲಲ್ಲಿ ಬರೀ "ಗೇಮಿಂಗ್ ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್", ಯಾವ ಕಂಪನಿ, ಯಾವ ಮಾಡೆಲ್, ಏನೂ ಇಲ್ಲ. ಎಸ್‌ಎಂಪಿಎಸ್ ಅಂದ್ರೆ ಗೋಡೆ ಕರೆಂಟ್ ತಗೊಂಡು ಪಿಸಿಯ ಎಲ್ಲಾ ಪಾರ್ಟಿಗೂ ಹಂಚೋ ಡಬ್ಬಿ. ಆ ಕೊನೇ ಸಾಲು ನೋಡಿ ನನಗೆ ಹೊಟ್ಟೆ ಉರೀತು. ನಮಗೆ ಏನಾಯ್ತು ಅಂತ ಪೂರ್ತಿ ಬರೀತೀನಿ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ದುಡ್ಡು ಕೊಡೋಕೆ ಮುಂಚೆ ಓದಿ.

ನಮ್ದು ಕೊಡಗಿನ ಸುಂಟಿಕೊಪ್ಪದ ಹತ್ರ. 2023ರ ಫೆಬ್ರವರಿ, ಕಾಫಿ ಮಾರಿ ಕೈಲಿ ಸ್ವಲ್ಪ ದುಡ್ಡು ಆಡ್ತಿತ್ತು. ತಮ್ಮ ಡಿಗ್ರಿ ಓದ್ತಿದ್ದ, ಗೇಮ್ ಆಸೆ ಇದ್ದೇ ಇತ್ತು, ಜೊತೆಗೆ ಮದುವೆ ವಿಡಿಯೋ ಎಡಿಟ್ ಮಾಡಿ ನಾಕು ಕಾಸು ದುಡೀತೀನಿ ಅಣ್ಣ ಅಂತ ವರ್ಷದಿಂದ ಕೇಳ್ತಿದ್ದ. ಅಪ್ಪ 75 ಸಾವಿರದ ಒಳಗೆ ಮುಗಿಸ್ಕೊಳ್ರಪ್ಪ ಅಂದ್ರು. ಬೆಳಿಗ್ಗೆ ಬಸ್ ಹತ್ತಿ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ ಹೋದ್ವಿ. ಅಂಗಡಿಯವರು ಕೂರ್ಸಿ ಟೀ ತರಿಸಿ ಕೊಟ್ರು, ತುಂಬಾ ಮರ್ಯಾದೆಯಾಗೇ ಮಾತಾಡಿದ್ರು. "ಸರ್ ಐ5 ಎಲ್ಲಾ ಆಫೀಸ್ ಕೆಲಸಕ್ಕೆ, ಗೇಮಿಂಗ್ ಅಂದ್ರೆ ಐ7 ಇರ್ಲೇಬೇಕು, ನಿಮ್ ತಮ್ಮ ಐದು ವರ್ಷ ತಿರುಗಿ ನೋಡಲ್ಲ" ಅಂದ್ರು. ನನಗೆ ಕಂಪ್ಯೂಟರ್ ಬಗ್ಗೆ ಆಗ ಗೊತ್ತಿದ್ದಿದ್ದೂ ಅಷ್ಟೇ, ಐ7 ದೊಡ್ಡದು ಐ5 ಚಿಕ್ಕದು. ಒಪ್ಕೊಂಡೆ.

ಕೊಟ್ಟಿದ್ದು ಏನು ಅಂದ್ರೆ ಐ7-12700ಎಫ್ ಪ್ರೊಸೆಸರ್, ಎಲ್ಲಾ ಪಾರ್ಟೂ ಕೂರೋ ಎಚ್610 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್, ಸ್ಕ್ರೀನಲ್ಲಿ ಚಿತ್ರ ಮೂಡಿಸೋ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡು 4 ಜಿಬಿದು, ಫೈಲ್ ಇಡೋಕೆ 500 ಜಿಬಿ ಎಸ್‌ಎಸ್‌ಡಿ, ಮಾನಿಟರ್, ಮತ್ತೆ ಬಣ್ಣಬಣ್ಣದ ಲೈಟ್ ಇರೋ ಕ್ಯಾಬಿನೆಟ್ಟು, ಅದ್ರ ಜೊತೆಗೇ ಬರೋ 500 ವ್ಯಾಟ್ ಎಸ್‌ಎಂಪಿಎಸ್. ಒಟ್ಟು 74 ಸಾವಿರ. ವಿಷಯ ಗೊತ್ತಿರೋರು ಈ ಲಿಸ್ಟ್ ನೋಡಿದ ತಕ್ಷಣ ತಲೆ ಚಚ್ಕೊಳ್ತಾರೆ. ಗೇಮ್ ಆಡೋಕೆ ಮುಖ್ಯ ಗ್ರಾಫಿಕ್ಸ್ ಕಾರ್ಡು, ದುಡ್ಡಲ್ಲಿ ದೊಡ್ಡ ಪಾಲು ಹೋಗ್ಬೇಕಾಗಿದ್ದು ಅದಕ್ಕೆ, ನಮ್ಮ ದುಡ್ಡು ಪ್ರೊಸೆಸರ್‌ಗೆ ಹೋಗಿತ್ತು. ಅದೇ ಬಜೆಟ್ಟಲ್ಲಿ ಐ5-12400ಎಫ್ ತಗೊಂಡು, 8 ಜಿಬಿದು ಎರಡು ಸ್ಟಿಕ್ ಹಾಕಿ, ಆರ್‌ಎಕ್ಸ್ 6600 ಥರದ ಕಾರ್ಡ್ ಹಾಕ್ಸಿದ್ರೆ ಗೇಮಲ್ಲಿ ನಮ್ಮದಕ್ಕಿಂತ ಎಷ್ಟೋ ಮುಂದೆ ಇರ್ತಿತ್ತು. ಐ5 ಆಫೀಸ್ ಕೆಲಸಕ್ಕೆ ಅನ್ನೋದು ಶುದ್ಧ ಸುಳ್ಳು, 12400ಎಫ್‌ಗೆ 6 ಕೋರ್ 12 ಥ್ರೆಡ್ ಇದೆ, ಅಂದ್ರೆ ಒಟ್ಟಿಗೇ 12 ಕೆಲಸ ನಡೆಸತ್ತೆ, ಮಧ್ಯಮ ದರ್ಜೆ ಕಾರ್ಡಿಗೆ ಧಾರಾಳ ಸಾಕು.

ಮನೆಗೆ ತಂದ ಮೊದಲ ವಾರ ಎಲ್ಲಾ ಚೆನ್ನಾಗಿತ್ತು, ವ್ಯಾಲೊರಂಟ್ ಥರದ ಹಗುರದ ಗೇಮು ಬೆಣ್ಣೆ ಥರ ಹೋಗ್ತಿತ್ತು. ದೊಡ್ಡ ಗೇಮ್ ಹಾಕಿದ್ದೇ ತಡ, ತಡವರಿಸೋಕೆ ಶುರುವಾಯ್ತು. ತಮ್ಮ ಒಂದಿನ, ಯಾವ ಪಾರ್ಟ್ ಎಷ್ಟು ಕೆಲಸ ಮಾಡ್ತಿದೆ ಅಂತ ತೋರ್ಸೋ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆಗೆದು ತೋರಿಸ್ದ, ಗ್ರಾಫಿಕ್ಸ್ ಕಾರ್ಡು 99 ಪರ್ಸೆಂಟ್, ಐ7 ಮಾತ್ರ 20 ಪರ್ಸೆಂಟೂ ಕೆಲಸ ಮಾಡ್ತಿಲ್ಲ. ದುಡ್ಡು ಯಾವುದಕ್ಕೆ ಕೊಟ್ಟಿದ್ವೋ ಅದು ಸುಮ್ನೆ ಕೂತಿದೆ, ಯಾವುದರಲ್ಲಿ ಉಳಿಸಿದ್ರೋ ಅದು ಏದುಸಿರು ಬಿಡ್ತಿದೆ. ನಿಮ್ಮನೇಲೂ ಪಿಸಿ ಇದ್ರೆ ಇದೊಂದು ಮಾಡಿ ನೋಡಿ, ಗೇಮ್ ಓಡ್ತಿರೋವಾಗ ಎರಡೂ ನಂಬರ್ ನೋಡಿದ್ರೆ ಯಾವುದು ಯಾವುದಕ್ಕೆ ಅಡ್ಡ ನಿಂತಿದೆ ಅಂತ ಸುಮಾರಾಗಿ ಗೊತ್ತಾಗೋಗತ್ತೆ. ಎಡಿಟಿಂಗ್‌ಗಾದ್ರೂ ಐ7 ಉಪಯೋಗಕ್ಕೆ ಬರತ್ತಲ್ಲ ಅಂದ್ಕೊಂಡ್ವಿ, ಆದ್ರೆ ಆ ಬೋರ್ಡಲ್ಲಿ ಪ್ರೊಸೆಸರ್‌ಗೆ ಕರೆಂಟ್ ಕೊಡೋ ಜಾಗದ ಮೇಲೆ ಬಿಸಿ ಎಳ್ಕೊಳ್ಳೋ ಲೋಹದ ಒಂದು ಹೀಟ್‌ಸಿಂಕ್ ಕೂಡ ಇರ್ಲಿಲ್ಲ, ಎಡಿಟ್ ಮಾಡಿದ್ದನ್ನ ಪೂರ್ತಿ ವಿಡಿಯೋ ಮಾಡಿ ತೆಗೆಯೋ ರೆಂಡರ್‌ಗೆ ಹಾಕಿ ಸ್ವಲ್ಪ ಹೊತ್ತಿಗೆ ಬಿಸಿಯಾಗಿ ಸ್ಪೀಡ್ ಇಳಿದೋಗ್ತಿತ್ತು.

ಮಧ್ಯೆ ರ‍್ಯಾಮ್‌ದೊಂದು ಕಥೆ. 8 ಜಿಬಿ ಸಾಲ್ತಿಲ್ಲ ಅಂತ ತಮ್ಮ ಆನ್‌ಲೈನಲ್ಲಿ 16 ಜಿಬಿ ಸ್ಟಿಕ್ ತರಿಸ್ದ, ಹೊಸದು ಒಳ್ಳೇದಲ್ವಾ ಅಂತ ಡಿಡಿಆರ್5 ಆರ್ಡರ್ ಮಾಡಿದಾನೆ, ನಮ್ಮ ಬೋರ್ಡು ಅದಕ್ಕಿಂತ ಹಿಂದಿನ ಡಿಡಿಆರ್4ದು. ಎರಡು ಸ್ಟಿಕ್ಕನ್ನೂ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ರೆ ಒಂದೇ ಉದ್ದ, ಎರಡಕ್ಕೂ 288 ಪಿನ್ನೇ. ಆದ್ರೆ ಕೆಳಗಡೆ ಚಿನ್ನದ ಬಣ್ಣದ ಪಿನ್ ಸಾಲಿನ ಮಧ್ಯ ಒಂದು ಕಚ್ಚು ಇರತ್ತಲ್ಲ, ಅದು ಡಿಡಿಆರ್4ರಲ್ಲಿ ಒಂದು ಕಡೆ, ಡಿಡಿಆರ್5ರಲ್ಲಿ ಒಂಚೂರು ಆಚೆ. ಅವನು ಜೋರಾಗಿ ಒತ್ತೋಕೆ ಹೋಗಿದ್ದ, ನಾನು ಕೈ ಹಿಡ್ಕೊಂಡೆ, ಇಲ್ಲಾಂದ್ರೆ ಸ್ಲಾಟೇ ಮುರೀತಿತ್ತು. 12ನೇ ಜನರೇಷನ್ ಇಂಟೆಲ್ ಪ್ರೊಸೆಸರ್‌ಗೆ ಎರಡೂ ರ‍್ಯಾಮ್ ಆಗತ್ತೆ, ಬೋರ್ಡ್ ಮಾತ್ರ ಸಾಮಾನ್ಯವಾಗಿ ಯಾವುದಾದ್ರೂ ಒಂದಕ್ಕೆ ಮಾಡಿರ್ತಾರೆ. ಪ್ರೊಸೆಸರ್ ನೋಡಿ ರ‍್ಯಾಮ್ ತರಬೇಡಿ, ಬೋರ್ಡಿನ ಪೂರ್ತಿ ಮಾಡೆಲ್ ನಂಬರ್ ನೋಡಿ ತನ್ನಿ. ಪುಣ್ಯಕ್ಕೆ ಅದು ವಾಪಸ್ ತಗೊಂಡ್ರು.

ಇನ್ನು ನಿಜವಾದ ಅನಾಹುತ. ಮೇ ತಿಂಗಳಲ್ಲಿ ಬೆಂಗಳೂರಿನ ಪರಿಚಯದವರ ಹತ್ರ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಸಿಕ್ತು, 12 ಜಿಬಿದು, 19 ಸಾವಿರ ಕೊಟ್ಟು ತಂದ್ವಿ. ಕಾರ್ಡ್ ಚೆನ್ನಾಗೇ ಇತ್ತು, ಅದ್ರ ತಪ್ಪೇನೂ ಇಲ್ಲ. ಆದ್ರೆ ಅದಕ್ಕೆ 8 ಪಿನ್ ಪವರ್ ಕೇಬಲ್ ಬೇಕು, ನಮ್ಮ ಎಸ್‌ಎಂಪಿಎಸ್‌ನಲ್ಲಿ ಅದು ಇಲ್ವೇ ಇಲ್ಲ. ರಿಪೇರಿ ಮಾಡೋರೊಬ್ರ ಹತ್ರ ಕೇಳಿದ್ರೆ 150 ರೂಪಾಯಿಗೆ ಒಂದು ಕನ್ವರ್ಟರ್ ಕೊಟ್ರು, ಒಂದು ತುದೀಲಿ ಹಾರ್ಡ್‌ಡಿಸ್ಕಿಗೆ ಹಾಕೋ ಸಾಟಾ ಪವರ್, ಇನ್ನೊಂದು ತುದೀಲಿ 8 ಪಿನ್. "ನಡೀತದೆ ಹಾಕಿ" ಅಂದ್ರು. ಹಾಕಿದ್ವಿ, ಆನ್ ಆಯ್ತು, ತಮ್ಮ ಕುಣಿದಾಡ್ಬಿಟ್ಟ.

ಈ ಕನ್ವರ್ಟರ್ ಬಗ್ಗೆ ಒಂಚೂರು ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಇವತ್ತಿಗೂ ಇದನ್ನ ಮಾರ್ತಿದಾರೆ. ಸಾಟಾ ಪವರ್ ಕನೆಕ್ಟರ್ 12 ವೋಲ್ಟಲ್ಲಿ ತಡ್ಕೊಳ್ಳೋದು ನಾಲ್ಕೂವರೆ ಆಂಪ್ಸ್, ಅಂದ್ರೆ 54 ವ್ಯಾಟ್. 8 ಪಿನ್ ಮಾಡಿರೋದು 150 ವ್ಯಾಟಿಗೆ. 3060 ಕಾರ್ಡು ಜೋರಾಗಿ ಓಡಿದ್ರೆ 170 ವ್ಯಾಟ್ ಎಳಿಯತ್ತೆ, ಬೋರ್ಡಿನ ಸ್ಲಾಟಿಂದ ಹೆಚ್ಚೆಂದ್ರೆ 75 ಸಿಗತ್ತೆ, ಮಿಕ್ಕಿದ್ದೆಲ್ಲಾ ಆ ಸಣ್ಣ ಸಾಟಾ ಪಿನ್ನಿಂದ ಬರಬೇಕು. ಅಡಿಕೆ ಗಾತ್ರದ ಪ್ಲಗ್ಗಲ್ಲಿ ಗ್ರೈಂಡರ್ ಓಡಿಸಿದಂಗೆ.

ಜೂನಲ್ಲೇ ಗೇಮ್ ಮಧ್ಯ ಇದ್ದಕ್ಕಿದ್ದಂಗೆ ರೀಸ್ಟಾರ್ಟ್ ಆಗೋಕೆ ಶುರುವಾಗಿತ್ತು, ನಾವು ಕರೆಂಟ್ ಸರಿ ಇಲ್ಲ ಅಂದ್ಕೊಂಡ್ವಿ. ಮಳೆ ಹಿಡ್ಕೊಂಡ್ರೆ ನಮ್ಮ ಕಡೆ ಕರೆಂಟ್ ಹೆಂಗಿರತ್ತೆ ಅಂತ ಕೊಡಗಿನೋರಿಗೆ ಹೇಳಬೇಕಾಗಿಲ್ಲ, ಎಲ್ಲೋ ತೋಟದಲ್ಲಿ ಮರ ಲೈನ್ ಮೇಲೆ ಬಿದ್ರೆ ಮುಗೀತು, ಬಂದ್ರೂ ಲೋ ವೋಲ್ಟೇಜು. ಜುಲೈಯಲ್ಲಿ ಒಂದು ರಾತ್ರಿ ಕರೆಂಟ್ ಹೋಗಿ ಬಂದು ಹೋಗಿ ಬಂದು ಆಡ್ತಿತ್ತು, ತಮ್ಮ ಚಿಕ್ಕಮ್ಮನ ಮಗಳ ಮದುವೆ ವಿಡಿಯೋ ರೆಂಡರ್‌ಗೆ ಹಾಕಿದ್ದ, ನಾನು ಅಡುಗೆಮನೇಲಿ ಇದ್ದೆ. ಪಟಾಕಿ ಹೊಡೆದಂಗೆ ಒಂದು ಸದ್ದು, ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಓಡಿ ಹೋಗಿ ಗೋಡೆ ಸ್ವಿಚ್ ಆಫ್ ಮಾಡಿದೆ. ಟೇಬಲ್ ಹಿಂದೆ ಕರ್ಟನ್ ಇತ್ತು, ಕಿಟಕಿ ಪಕ್ಕದಲ್ಲೇ ಅಪ್ಪ ಮಲಗ್ತಾರೆ. ಆ ಹೊತ್ತು ನೆನೆಸ್ಕೊಂಡ್ರೆ ಈಗ್ಲೂ ಕೈ ನಡುಗತ್ತೆ.

ಬೆಳಿಗ್ಗೆ ಬಿಚ್ಚಿ ನೋಡಿದ್ವಿ. ಆ ಕನ್ವರ್ಟರಿನ ಕಪ್ಪು ಪ್ಲಾಸ್ಟಿಕ್ ಮೇಣದ ಥರ ಕರಗಿ ಕೆಳಗೆ ಇಳಿದು ಗಟ್ಟಿಯಾಗಿತ್ತು, ಹಳದಿ ವೈರ್, ಅಂದ್ರೆ 12 ವೋಲ್ಟಿಂದು, ಎರಡು ಇಂಚು ಉದ್ದಕ್ಕೆ ಕಂದು ಬಣ್ಣ ಆಗಿತ್ತು. ಎಸ್‌ಎಂಪಿಎಸ್ ಕೈಗೆ ತಗೊಂಡ್ರೆ ಖಾಲಿ ಟಿಫನ್ ಡಬ್ಬಿ ಅಷ್ಟೇ ಭಾರ. ಅವತ್ತೇ ಮೊದಲ ಸಲ ಅದ್ರ ಲೇಬಲ್ ಓದಿದ್ದು. ದೊಡ್ಡದಾಗಿ 500 ವ್ಯಾಟ್ ಅಂತ ಇದೆ, ಕೆಳಗೆ ಸಣ್ಣ ಕೋಷ್ಟಕದಲ್ಲಿ 12 ವೋಲ್ಟ್ ಎದುರು 16 ಆಂಪ್ಸ್. 12 ಇಂಟು 16, 192 ವ್ಯಾಟ್. ಅಷ್ಟೇ. ಇವತ್ತಿನ ಕಂಪ್ಯೂಟರಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಓಡೋದು 12 ವೋಲ್ಟಿಂದ. ಐ7-12700ಎಫ್ ಒಂದೇ ಜೋರಾದಾಗ 180 ವ್ಯಾಟ್ ತನಕ ಎಳಿಯಬಹುದು ಅಂತ ಇಂಟೆಲ್‌ನವರೇ ಬರೆದಿದಾರೆ, ಕಾರ್ಡಿನ 170 ಬೇರೆ. 3060ಗೆ ಕನಿಷ್ಠ 550 ವ್ಯಾಟ್ ಎಸ್‌ಎಂಪಿಎಸ್ ಬೇಕು ಅಂತ ಆ ಕಾರ್ಡಿನ ಚಿಪ್ ಮಾಡೋ ಎನ್‌ವಿಡಿಯಾದವರು ಹೇಳಿರೋದು, ಅದೂ ಅಸಲಿ 550. ನಮಗೆ ಇದ್ಯಾವುದೂ ಗೊತ್ತಿರ್ಲಿಲ್ಲ, ಮಾರಿದೋರಿಗೆ ಖಂಡಿತ ಗೊತ್ತಿತ್ತು.

ಬೋರ್ಡ್ ಹೋಯ್ತು, ಎಸ್‌ಎಸ್‌ಡಿ ಹೋಯ್ತು, ಅದ್ರಲ್ಲಿದ್ದ ಮದುವೆ ವಿಡಿಯೋ ಕೆಲಸ ಪೂರ್ತಿ ಹೋಯ್ತು. ಚಿಕ್ಕಮ್ಮನ ಮುಖ ನೋಡೋಕಾಗ್ಲಿಲ್ಲ ತಮ್ಮನಿಗೆ. ಕಾರ್ಡು, ಪ್ರೊಸೆಸರ್, ರ‍್ಯಾಮ್ ಉಳೀತು ಅನ್ನೋದು ಗೊತ್ತಾಗೋಕೇ ಎರಡು ವಾರ ಹಿಡೀತು, ಯಾಕಂದ್ರೆ ಹೆಸರಲ್ಲಿ ಎಫ್ ಇರೋ ಇಂಟೆಲ್ ಪ್ರೊಸೆಸರಲ್ಲಿ ಒಳಗೆ ಗ್ರಾಫಿಕ್ಸ್ ಇರಲ್ಲ, ಕಾರ್ಡ್ ತೆಗೆದು ಚೆಕ್ ಮಾಡೋಣ ಅಂದ್ರೆ ಸ್ಕ್ರೀನೇ ಬರಲ್ಲ. ಎಫ್ ಕೆಟ್ಟದ್ದು ಅಂತಲ್ಲ, ದುಡ್ಡು ಉಳಿಯತ್ತೆ, ಆದ್ರೆ ನಮ್ಮಂಗೆ ಸರ್ವೀಸ್‌ಗೆ ಅಂತ ಪ್ರತಿ ಸಲ ದೂರ ಹೋಗೋ ಊರಲ್ಲಿ ಇರೋರು ಇದನ್ನ ತಿಳ್ಕೊಂಡು ತಗೊಳ್ಳಿ.

ವಾರಂಟಿ ಕೇಳೋಕೆ ಮಳೇಲಿ ಎಲ್ಲಾ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು ಮತ್ತೆ ಮೈಸೂರಿಗೆ ಹೋದೆ. ಬಿಲ್ಲಲ್ಲಿ ಒಂದೇ ಸಾಲು ಇತ್ತು, "ಅಸೆಂಬಲ್ಡ್ ಕಂಪ್ಯೂಟರ್ 1". ಯಾವ ಪಾರ್ಟಿನ ಸೀರಿಯಲ್ ನಂಬರೂ ಇಲ್ಲ. ಬೇರೆ ಕಾರ್ಡ್ ಹಾಕಿದೀರಾ, ನಮ್ಮ ಜವಾಬ್ದಾರಿ ಅಲ್ಲ ಅಂದ್ರು. ಕನ್ವರ್ಟರ್ ಹಾಕಿದ್ದು ನಾವೇ, ಅದನ್ನ ಇಲ್ಲ ಅನ್ನಲ್ಲ. ಆದ್ರೆ ಗೇಮಿಂಗ್ ಪಿಸಿ ಅಂತ ಹೇಳಿ 192 ವ್ಯಾಟಿನ ಡಬ್ಬಿ ಕೂರಿಸಿ ಮಾರಿದ್ದು ಸರಿನಾ ಅಂತ ಕೇಳಿದ್ದಕ್ಕೆ ಉತ್ತರ ಬರ್ಲಿಲ್ಲ. ಪ್ರತಿ ಪಾರ್ಟಿಗೂ ಬೇರೆ ಬೇರೆ ಸಾಲು, ಮಾಡೆಲ್, ಸೀರಿಯಲ್ ನಂಬರ್, ಜಿಎಸ್‌ಟಿ ಬಿಲ್ ಇಲ್ಲದೆ ಅಂಗಡಿ ಬಿಟ್ಟು ಬರಬೇಡಿ. ಅಷ್ಟೊತ್ತಿಗೆ ಲಾಸ್ಟ್ ಬಸ್ ಹೋಗತ್ತೆ ಅಂತ ಅವಸರ ಆಗತ್ತೆ, ನಮಗೂ ಆಗಿತ್ತು, ಆದ್ರೂ ಬರೆಸ್ಕೊಂಡೇ ಬನ್ನಿ.

ಆಮೇಲೆ ಬಿ660 ಬೋರ್ಡು, ಡಿಡಿಆರ್4 ಇರೋದೇ ನೋಡಿ, ಇನ್ನೊಂದು 8 ಜಿಬಿ ಸ್ಟಿಕ್ಕು, ಹೊಸ ಎಸ್‌ಎಸ್‌ಡಿ, ಕರೆಂಟ್ ಪೋಲು ಕಡಿಮೆ ಅಂತ 80 ಪ್ಲಸ್ ಬ್ರಾಂಜ್ ಸರ್ಟಿಫಿಕೇಟ್ ಇರೋ 650 ವ್ಯಾಟ್ ಎಸ್‌ಎಂಪಿಎಸ್ ಹಾಕಿಸಿದ್ವಿ, ಎಲ್ಲಾ ಸೇರಿ ಇನ್ನೊಂದು 21 ಸಾವಿರ. ಲೆಕ್ಕ ಹಾಕಿ, 75ರಲ್ಲಿ ಮುಗೀಬೇಕಾಗಿದ್ದು 1 ಲಕ್ಷದ 14 ಸಾವಿರ ಆಯ್ತು.

ಅಲ್ಲಿಗೂ ಮುಗೀಲಿಲ್ಲ. ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ ಕರೆಂಟ್ ಹೋಗಿ ಮನೆ ಇನ್ವರ್ಟರಿಗೆ ಬಂದ ತಕ್ಷಣ ಪಿಸಿ ಆಫ್ ಆಗ್ತಿತ್ತು. ಹುಡುಕಿ ನೋಡಿದ್ರೆ, ಒಳ್ಳೇ ಎಸ್‌ಎಂಪಿಎಸ್‌ಗಳಲ್ಲಿ ಕರೆಂಟನ್ನ ಹದವಾಗಿ ಎಳ್ಕೊಳ್ಳೋ ಆಕ್ಟಿವ್ ಪಿಎಫ್‌ಸಿ ಅನ್ನೋ ಸರ್ಕ್ಯೂಟ್ ಇರತ್ತೆ, ಅದಕ್ಕೂ ಹಳೇ ಸ್ಕ್ವೇರ್ ವೇವ್ ಇನ್ವರ್ಟರಿಗೂ ಎಷ್ಟೋ ಸಲ ಹೊಂದಲ್ಲ. ಜೊತೆಗೆ ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಒಂದು ಸ್ವಿಚ್ಚು, ನಮ್ಮದು ನಾರ್ಮಲಲ್ಲಿತ್ತು. ಕರೆಂಟ್ ತಪ್ಪಿದ್ರೆ ಎಸ್‌ಎಂಪಿಎಸ್ 16 ಮಿಲಿಸೆಕೆಂಡ್ ಆಸುಪಾಸು ತಡ್ಕೊಳ್ಳತ್ತೆ ಅಷ್ಟೇ, ನಾರ್ಮಲ್ ಮೋಡಲ್ಲಿ ಇನ್ವರ್ಟರ್ ಅದಕ್ಕಿಂತ ನಿಧಾನ. ಕೊನೆಗೆ ಲೈನ್ ಕರೆಂಟಿನ ಥರಾನೇ ನಯವಾಗಿ ಕೊಡೋ ಸೈನ್ ವೇವ್ ಇನ್ವರ್ಟರ್ ಹಾಕ್ಸಿದ ಮೇಲೆ ನೆಮ್ಮದಿ ಆಯ್ತು. ಯುಪಿಎಸ್ ತಗೊಳ್ಳೋರೂ ನೋಡಿ, 600 ವಿಎ ಅಂದ್ರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್ ಆಸುಪಾಸು. ಮತ್ತೆ ಹಳೇ ಮನೆಗಳಲ್ಲಿ ಅರ್ಥಿಂಗ್ ಚೆಕ್ ಮಾಡ್ಸಿ, ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅಂತಿದೆ ಅಂದ್ರೆ ಅರ್ಥಿಂಗ್ ಇಲ್ಲ ಅಂತಲೇ ಅನುಮಾನ ಪಡಿ. ಮಾರ್ಚ್ ಏಪ್ರಿಲಲ್ಲಿ ಹೂಮಳೆ ಜೊತೆ ಸಿಡಿಲು ಬಂದ್ರೆ ಪ್ಲಗ್ಗೇ ಕಿತ್ತಿಡಿ, ಇಂಟರ್ನೆಟ್ ವೈರೂ ಕಿತ್ತಿಡಿ.

ಇನ್ನೊಂದು ಮರೀತಿದ್ದೆ. ವಿರಾಜಪೇಟೆಲಿ ಇರೋ ನಮ್ಮ ಸಂಬಂಧಿಕರ ಹುಡುಗನಿಗೆ "ಐ7, 16 ಜಿಬಿ, 25 ಸಾವಿರ" ಅಂತ ಒಂದು ಪಿಸಿ ಕೊಟ್ಟಿದಾರೆ, ನೋಡಿದ್ರೆ ಐ7-3770, 2012ರಲ್ಲಿ ಬಂದಿದ್ದು. ಅದಕ್ಕೆ ವಿಂಡೋಸ್ 11ರ ಅಧಿಕೃತ ಸಪೋರ್ಟ್ ಇಲ್ಲ, ಆ ಸಾಕೆಟ್ಟಿಗೆ ಹೊಸ ಪ್ರೊಸೆಸರ್ ಕೂರಲ್ಲ. ಐ7 ಅನ್ನೋದು ಮನೆತನದ ಹೆಸರಿದ್ದಂಗೆ, ಹಿಂದೆ ಬರೋ ನಂಬರ್ ಕೇಳಿ, ಅದ್ರಲ್ಲೇ ವಯಸ್ಸು ಗೊತ್ತಾಗತ್ತೆ.

ನಿನ್ನೆ ಕೊಟೇಶನ್ ತಂದಿದ್ದ ಹುಡುಗನಿಗೆ ಕೂತು ಎಲ್ಲಾ ಹೇಳಿ ಕಳಿಸಿದೀನಿ, ಅವನಪ್ಪ ಅಡ್ವಾನ್ಸ್ ಇನ್ನೂ ಕೊಟ್ಟಿಲ್ವಂತೆ. ಕುಶಾಲನಗರ, ಸೋಮವಾರಪೇಟೆ, ಮಡಿಕೇರಿ ಕಡೆಯೋರು ಯಾರಾದ್ರೂ ಪಿಸಿ ಮಾಡಿಸ್ತಿದ್ರೆ ಕೊಟೇಶನ್ ಫೋಟೋ ನನಗೆ ಕಳಿಸಿ, ಎಸ್‌ಎಂಪಿಎಸ್ ಲೇಬಲ್ಲಿನ ಫೋಟೋ ಸಿಕ್ರೆ ಅದನ್ನೂ ಕಳಿಸಿ, ನೋಡಿ ಹೇಳ್ತೀನಿ. ತೋಟದ ಕೆಲಸ ಮುಗಿಸಿ ರಾತ್ರಿ ಕೂತು ನೋಡೋದು, ಮಳೆ ಬಂದ್ರೆ ನಮ್ಮ ಕಡೆ ನೆಟ್‌ವರ್ಕ್ ಇರಲ್ಲ, ಒಂದು ದಿನ ತಡ ಆದ್ರೂ ಉತ್ತರ ಕೊಡ್ತೀನಿ, ಅಲ್ಲೀವರೆಗೂ ಅಡ್ವಾನ್ಸ್ ಕೊಡಬೇಡಿ.